ಏರಿದವರ ಲೆಕ್ಕ, ಏಣಿಯ ಲೆಕ್ಕ

ಬಡತನದಲ್ಲಿ ಹುಟ್ಟಿ ಎತ್ತರಕ್ಕೆ ಏರಿದವರ ಕಥೆಯೆಂದರೆ ನಮಗೆಲ್ಲ ಅಚ್ಚುಮೆಚ್ಚು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಕೂಲಿ ಮಾಡುವವರ ಮಗಳು ಹೆಚ್ಚು ಅಂಕ ಪಡೆದ ಸುದ್ದಿ, ಯುಪಿಎಸ್‌ಸಿ ಪಟ್ಟಿ ಹೊರಬಿದ್ದ ವಾರ ಆಟೋ ಓಡಿಸುವವರ ಮಗ ಅಧಿಕಾರಿಯಾದ ಸುದ್ದಿ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ. ಆ ಸುದ್ದಿಗಳು ನಿಜ. ಆ ಮಕ್ಕಳ ದುಡಿಮೆಗೆ ಎಷ್ಟು ಗೌರವ ಕೊಟ್ಟರೂ ಸಾಲದು. ಆದರೆ ಅಂಥ ಕಥೆಯಿಂದ ಸಮಾಜದ ಬಗ್ಗೆ ಏನು ತಿಳಿಯುತ್ತದೆ ಎಂದು ನಾವು ಕೇಳಿಕೊಳ್ಳುವುದು ಕಡಿಮೆ. ಒಬ್ಬರು ಏರಿದರು ಎಂದರೆ ಏರುವುದು ಅಸಾಧ್ಯವಲ್ಲ ಎಂದಷ್ಟೇ ಅರ್ಥ. ಅದೇ ಶಾಲೆಯಲ್ಲಿ, ಅದೇ ಬೆಂಚಿನಲ್ಲಿ ಕುಳಿತಿದ್ದ ಉಳಿದವರು ಎಲ್ಲಿಗೆ ಹೋದರು ಎಂಬುದನ್ನು ಆ ಕಥೆ ಹೇಳುವುದಿಲ್ಲ. ಒಂದು ಸೀಮೆಯಲ್ಲಿ ಸಾಮಾಜಿಕ ಚಲನೆ ಇದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಏರಿದವರ ಎತ್ತರವನ್ನು ಅಳೆದು ಪ್ರಯೋಜನವಿಲ್ಲ. ಏಣಿ ಎಷ್ಟು ಜನರ ಕೈಗೆ ಎಟಕುತ್ತದೆ ಎಂದು ನೋಡಬೇಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳ ಅನುಭವ ಈ ಮಾತನ್ನು ಬಹಳ ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

ಈ ಸೀಮೆಯಿಂದ ಏರಿದವರ ಪಟ್ಟಿ ಚಿಕ್ಕದಲ್ಲ. ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯ ಒಕ್ಕಲು ಮನೆತನದಲ್ಲಿ 1908ರಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯನವರು 1952ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ ವಿಧಾನಸೌಧ ಕಟ್ಟಿಸಿದರು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಹುಡುಗ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯಾದರು. ಅದೇ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ದಲಿಂಗಯ್ಯ ಕನ್ನಡ ಕಾವ್ಯದ ದಾರಿಯನ್ನೇ ಬದಲಿಸಿದರು. ಕನಕಪುರ 1983ರ ಉಪಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನು ಆರಿಸಿ ಕಳಿಸಿತು. 1994ರಲ್ಲಿ ರಾಮನಗರದಿಂದ ಗೆದ್ದ ದೇವೇಗೌಡರು ಮುಖ್ಯಮಂತ್ರಿಯಾಗಿ, 1996ರಲ್ಲಿ ಪ್ರಧಾನಿಯೂ ಆದರು. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿದ್ದಾಗ, 2007ರ ಆಗಸ್ಟ್‌ನಲ್ಲಿ, ಈ ನಾಲ್ಕು ತಾಲ್ಲೂಕುಗಳು ಸೇರಿ ಹೊಸ ಜಿಲ್ಲೆಯಾಯಿತು. ರಾಜ್ಯದ ರಾಜಧಾನಿ ಪಕ್ಕದಲ್ಲೇ ಇದೆ, ಅಧಿಕಾರದ ಗದ್ದುಗೆಯೂ ಮತ್ತೆ ಮತ್ತೆ ಈ ಸೀಮೆಯವರ ಪಾಲಿಗೆ ಬಂದಿದೆ. ಆದರೂ 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಸುಮಾರು 75 ಪ್ರತಿಶತ ಇದ್ದಾಗ ಈ ಜಿಲ್ಲೆಯದು ಸುಮಾರು 69 ಪ್ರತಿಶತ ಮಾತ್ರ. ಶಿಖರಗಳು ಎತ್ತರವಿದ್ದ ಮಾತ್ರಕ್ಕೆ ನೆಲ ಮೇಲೆದ್ದಿಲ್ಲ. ಹೀಗೇಕೆ ಆಯಿತು ಎಂದು ತಿಳಿಯಲು ಏರಿದವರು ಯಾವ ದಾರಿಯಲ್ಲಿ ಏರಿದರು ಎಂಬುದನ್ನು ಮೊದಲು ನೋಡಬೇಕು.

ಸಿದ್ದಲಿಂಗಯ್ಯನವರ ಆತ್ಮಕಥನ ‘ಊರುಕೇರಿ’ ಈ ವಿಷಯದಲ್ಲಿ ನಮಗಿರುವ ಅತ್ಯುತ್ತಮ ಸಾಕ್ಷಿ. ಅದರ ಆರಂಭದಲ್ಲೇ ಒಂದು ನೆನಪು ಬರುತ್ತದೆ: ಹೊಲದಲ್ಲಿ ಎತ್ತುಗಳ ಬದಲಿಗೆ ಇಬ್ಬರು ಮನುಷ್ಯರ ಹೆಗಲಿಗೆ ನೊಗ ಹೂಡಿ ಉಳುತ್ತಿದ್ದಾರೆ, ಆ ಇಬ್ಬರಲ್ಲಿ ಒಬ್ಬರು ತನ್ನ ತಂದೆ ಎಂಬುದು ನೋಡುತ್ತಿರುವ ಮಗುವಿಗೆ ಗೊತ್ತಾಗುತ್ತದೆ. ಆ ತಂದೆಯ ಮಗ ಬೆಂಗಳೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು, ಎರಡು ಅವಧಿಗೆ ವಿಧಾನ ಪರಿಷತ್ತಿನಲ್ಲಿ ಕುಳಿತರು, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಒಂದೇ ತಲೆಮಾರಿನಲ್ಲಿ ನೊಗದಿಂದ ವಿಧಾನಸೌಧದವರೆಗಿನ ಈ ದೂರ ಯಾರನ್ನೂ ಬೆರಗುಗೊಳಿಸುತ್ತದೆ. ಆದರೆ ಆ ಪುಸ್ತಕವನ್ನು ಒಬ್ಬ ಛಲಗಾರನ ಸಾಹಸಗಾಥೆ ಎಂದು ಓದಿದರೆ ಅದರ ತಿರುಳೇ ಕೈತಪ್ಪುತ್ತದೆ. ಅದರ ತುಂಬ ಇರುವುದು ಇತರರು. ಹಳ್ಳಿ ಬಿಟ್ಟು ಬೆಂಗಳೂರಿನ ಕೇರಿಗೆ ಬಂದ ಕುಟುಂಬ, ಸರ್ಕಾರಿ ಶಾಲೆ, ಉಚಿತ ವಿದ್ಯಾರ್ಥಿ ನಿಲಯ, ಅಲ್ಲಿನ ಸಹವಾಸಿಗಳು, ಗ್ರಂಥಾಲಯ, ಭಾಷಣ ಸ್ಪರ್ಧೆ, ಕೈಹಿಡಿದ ಅಧ್ಯಾಪಕರು, ಕೊನೆಗೆ ಒಂದು ಚಳವಳಿ. ಇವುಗಳಲ್ಲಿ ಯಾವುದೊಂದನ್ನು ತೆಗೆದರೂ ಕಥೆ ಮಂಚನಬೆಲೆಯಲ್ಲೇ ನಿಂತುಹೋಗುತ್ತಿತ್ತು. ಪ್ರತಿಭೆ ಅವರದೇ, ಆದರೆ ಆ ಪ್ರತಿಭೆಗೆ ಊಟ, ಹಾಸಿಗೆ, ಪುಸ್ತಕ ಒದಗಿಸಿದ್ದು ಸಮಾಜ ಕಟ್ಟಿದ ಏರ್ಪಾಡುಗಳು.

ಈ ಆತ್ಮಕಥನದ ಇನ್ನೊಂದು ಗುಣವೂ ನಮ್ಮ ವಾದಕ್ಕೆ ಮುಖ್ಯ. ಕೆಳಗಿನಿಂದ ಮೇಲೆ ಬಂದವರು ಬರೆದ ಯುರೋಪಿನ ಎಷ್ಟೋ ಕೃತಿಗಳಲ್ಲಿ ಏರುವಿಕೆಯ ನೋವೇ ಮುಖ್ಯ ವಸ್ತು. 2022ರ ನೊಬೆಲ್ ಪಡೆದ ಫ್ರೆಂಚ್ ಲೇಖಕಿ ಆನಿ ಎರ್ನೋ, ಸಣ್ಣ ಕೆಫೆ ಮತ್ತು ದಿನಸಿ ಅಂಗಡಿ ನಡೆಸುತ್ತಿದ್ದ ತಂದೆಯ ಬಗ್ಗೆ ಬರೆದ ಕೃತಿಯಲ್ಲಿ, ಓದು ತನ್ನನ್ನು ತಂದೆಯ ಲೋಕದಿಂದ ಹೇಗೆ ದೂರ ಒಯ್ದಿತು ಎಂಬುದನ್ನು ನಿಷ್ಠುರವಾಗಿ ಹೇಳಿದ್ದಾರೆ. ಅಲ್ಲಿ ಮೇಲೇರುವುದೆಂದರೆ ಒಂಟಿಯಾಗಿ ಹೊರಟುಹೋಗುವುದು. ಸಿದ್ದಲಿಂಗಯ್ಯನವರಲ್ಲಿ ಆ ದೂರ ಇಲ್ಲವೆಂದಲ್ಲ. ಆದರೆ ಅವರು ಕೇರಿಯನ್ನು ಬಿಟ್ಟುಹೋಗುವ ಬದಲು ಕೇರಿಯನ್ನೇ ಜೊತೆಗೆ ಕರೆದೊಯ್ದರು. ಅವರ ಮೊದಲ ಸಂಕಲನ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದಾಗ ಅದರಲ್ಲಿ ಮಾತಾಡಿದ್ದು ಒಂದು ಸಮೂಹ. ಡಾಕ್ಟರೇಟ್‌ಗೆ ಅವರು ಆರಿಸಿಕೊಂಡ ವಿಷಯ ಗ್ರಾಮದೇವತೆಗಳು. ಕೇರಿಯವರ ದೇವರುಗಳು ವಿಶ್ವವಿದ್ಯಾಲಯದ ಅಧ್ಯಯನಕ್ಕೆ ಯೋಗ್ಯವಾದವು. ಬಿ. ಕೃಷ್ಣಪ್ಪ, ದೇವನೂರ ಮಹಾದೇವ ಮೊದಲಾದವರ ಜೊತೆ ಅವರು ಕಟ್ಟಿದ ದಲಿತ ಸಂಘರ್ಷ ಸಮಿತಿ ಕೇಳಿದ್ದು ಒಬ್ಬೊಬ್ಬರಿಗೆ ಬಡ್ತಿಯನ್ನಲ್ಲ, ಎಲ್ಲರಿಗೂ ನೆಲ ಮತ್ತು ಮಾನವನ್ನು. ಜಾತಿ ಎಂಬುದು ಕೆಲಸದ ವಿಂಗಡಣೆ ಮಾತ್ರವಲ್ಲ, ಕೆಲಸಗಾರರನ್ನೇ ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸುವ ವ್ಯವಸ್ಥೆ ಎಂದು ಅಂಬೇಡ್ಕರ್ 1936ರಲ್ಲೇ ವಾದಿಸಿದ್ದರು. ಅಂಥ ವ್ಯವಸ್ಥೆಯಲ್ಲಿ ಒಬ್ಬ ಮೇಲೇರಿದರೂ ಅವನ ಹುಟ್ಟು ಅವನ ಬೆನ್ನಿಗೇ ಇರುತ್ತದೆ. ಆದ್ದರಿಂದ ಇಲ್ಲಿ ಒಂಟಿ ಏರಿಕೆ ಎಂದೂ ಪೂರ್ತಿಯಾಗುವುದಿಲ್ಲ. ಕೇರಿ ಏರದೆ ಕೇರಿಯ ಮಗ ಏರಲಾರ.

ಇದನ್ನು ಶಿವರಾಮ ಕಾರಂತರ ‘ಚೋಮನ ದುಡಿ’ಯ ಪಕ್ಕದಲ್ಲಿಟ್ಟು ನೋಡಿದರೆ ಮಾತು ಇನ್ನೂ ಖಚಿತವಾಗುತ್ತದೆ. 1933ರ ಆ ಕಾದಂಬರಿಯ ಚೋಮನಿಗೆ ಛಲದ ಕೊರತೆಯಿಲ್ಲ, ದುಡಿಯುವ ಮೈಯಿದೆ, ಸಾಕಿದ ಎತ್ತುಗಳೂ ಇವೆ. ಅವನ ಆಸೆ ಒಂದೇ: ತಾನೂ ಬೇಸಾಯಗಾರನಾಗಬೇಕು. ಅವನು ಹುಟ್ಟಿದ ಜಾತಿಯವರಿಗೆ ಗದ್ದೆ ಗೇಣಿಗೆ ಕೊಡಬಾರದು ಎಂಬ ಊರ ಕಟ್ಟಳೆಯೇ ಅವನನ್ನು ಮುಗಿಸುತ್ತದೆ. ಚೋಮನಿಗೂ ಸಿದ್ದಲಿಂಗಯ್ಯನವರಿಗೂ ನಡುವಿನ ವ್ಯತ್ಯಾಸ ಮನೋಬಲದ್ದಲ್ಲ. ಇಬ್ಬರ ನಡುವೆ ಹಾದುಹೋದ ಕಾನೂನು ಮತ್ತು ಸಂಸ್ಥೆಗಳದ್ದು. ಮೈಸೂರು ಸಂಸ್ಥಾನ 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿ, ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕೆಂದು ಶಿಫಾರಸು ಮಾಡಿತು. ಸಮುದಾಯದ ಸಂಘಗಳು ಊರೂರುಗಳಲ್ಲಿ ಹಾಸ್ಟೆಲ್ ತೆರೆದವು. ಸಂವಿಧಾನ ಬಂತು. ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು, ದೇವರಾಜ ಅರಸರ ಸರ್ಕಾರ ಹಿಂದುಳಿದ ವರ್ಗಗಳ ಮಕ್ಕಳಿಗೆ ವಿದ್ಯಾರ್ಥಿ ನಿಲಯಗಳನ್ನು ಹೆಚ್ಚಿಸಿತು. ಸರ್ಕಾರದ ಹೊರಗೂ ಇಂಥ ಕೆಲಸ ನಡೆಯಿತು. ವೀರಾಪುರದಿಂದ ಹೋದ ಸ್ವಾಮೀಜಿ ತುಮಕೂರಿನ ಸಿದ್ಧಗಂಗೆಯಲ್ಲಿ ಜಾತಿ ಕೇಳದೆ ಸುಮಾರು ಹತ್ತು ಸಾವಿರ ಮಕ್ಕಳಿಗೆ ಅನ್ನ, ವಸತಿ, ಓದು ಒದಗಿಸುವ ಮಠವನ್ನು ದಶಕಗಟ್ಟಲೆ ನಡೆಸಿದರು. ಕನಕಪುರದಲ್ಲಿ ಗಾಂಧಿವಾದಿ ಎಸ್. ಕರಿಯಪ್ಪನವರು ಕಟ್ಟಿದ ವಿದ್ಯಾಸಂಸ್ಥೆಯಿಂದ ಹಳ್ಳಿಯ ಮಕ್ಕಳಿಗೆ ತಮ್ಮೂರ ಹತ್ತಿರವೇ ಕಾಲೇಜು ಸಿಕ್ಕಿತು. ಏಣಿ ತಾನಾಗಿ ಬೆಳೆದದ್ದಲ್ಲ. ಒಂದೊಂದು ಮೆಟ್ಟಿಲನ್ನೂ ಯಾರೋ ಹಠ ಹಿಡಿದು ಕೂರಿಸಿದ್ದಾರೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಹಾಸ್ಟೆಲ್ ನೂರು ಮಕ್ಕಳಿಗೆ ಸಿಕ್ಕಿತು, ಸಿದ್ದಲಿಂಗಯ್ಯ ಆದದ್ದು ಒಬ್ಬರೇ. ಹಾಗಾದರೆ ಕೊನೆಗೆ ನಿರ್ಣಾಯಕವಾದದ್ದು ವ್ಯಕ್ತಿಯ ಶ್ರಮವೇ ಅಲ್ಲವೇ? ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಸುಮ್ಮನೆ ಹೇಳಿದರೇ? ಇದಕ್ಕೆ ಉತ್ತರ ಎರಡು. ಮೊದಲನೆಯದು, ಹಾಸ್ಟೆಲಿನ ಸಾಧನೆಯನ್ನು ಕವಿಗಳ ಸಂಖ್ಯೆಯಿಂದ ಅಳೆಯಬಾರದು. ಅಲ್ಲಿ ಉಂಡು ಓದಿದ ಉಳಿದವರು ಶಿಕ್ಷಕರು, ಗುಮಾಸ್ತರು, ಬಸ್ ಕಂಡಕ್ಟರುಗಳು, ನರ್ಸುಗಳು ಆದರು. ಅವರ ಮಕ್ಕಳು ನೊಗ ಹೊರುವ ಭಯವಿಲ್ಲದ ಮನೆಯಲ್ಲಿ ಹುಟ್ಟಿದರು. ನಿಜವಾದ ಸಾಮಾಜಿಕ ಚಲನೆ ಎಂದರೆ ಇದೇ, ಅಸಾಮಾನ್ಯರಲ್ಲದವರೂ ಒಂದು ಮೆಟ್ಟಿಲು ಮೇಲೆ ಹೋಗುವುದು. ಎರಡನೆಯದು, ಶ್ರಮವೇ ನಿರ್ಣಾಯಕವಾಗಿದ್ದರೆ ಈ ಜಿಲ್ಲೆಯಲ್ಲಿ ಎಲ್ಲರಿಗಿಂತ ಎತ್ತರದಲ್ಲಿ ಇರಬೇಕಾದವರು ರೇಷ್ಮೆಯ ನೂಲು ಬಿಚ್ಚುವ ಕಾರ್ಮಿಕರು.

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಒಂದೇ ಗೂಡಿನ ಸುತ್ತ ಇಲ್ಲಿ ಮೂರು ವರ್ಗಗಳು ನಿಂತಿವೆ. ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಚಂದ್ರಿಕೆಯಿಂದ ಗೂಡು ಬಿಡಿಸಿ ತರುವ ರೈತ. ಹರಾಜಿನಲ್ಲಿ ಗೂಡು ಕೊಂಡು ನೂಲು ತೆಗೆಸುವ ರೀಲರ್. ಕುದಿನೀರಿನ ಬೇಸಿನ್ ಮುಂದೆ ನಿಂತು ಎಳೆ ಹುಡುಕಿ ಜೋಡಿಸುವ ಕಾರ್ಮಿಕ, ಹೆಚ್ಚಾಗಿ ಹೆಣ್ಣುಮಕ್ಕಳು. ಇವರಲ್ಲಿ ರೈತನ ಬದುಕು ಒಂದಿಷ್ಟು ನೆಟ್ಟಗಾದದ್ದು ಬೆಲೆ ಚೆನ್ನಾಗಿದ್ದ ಕಾರಣಕ್ಕೆ ಮಾತ್ರವಲ್ಲ. 1959ರ ಕಾಯ್ದೆಯ ಆಧಾರದ ಮೇಲೆ ಬೆಳೆದ ನಿಯಂತ್ರಿತ ಮಾರುಕಟ್ಟೆಯಲ್ಲಿ ಎಲ್ಲರ ಕಣ್ಣೆದುರು ಹರಾಜು ನಡೆಯುತ್ತದೆ, ತೂಕಕ್ಕೆ ಸರ್ಕಾರದ ಸಿಬ್ಬಂದಿ ಇರುತ್ತಾರೆ, ಈಗ ಹರಾಜು ಆನ್‌ಲೈನಿಗೂ ಬಂದಿದೆ. ಅರ್ಧ ಎಕರೆ ನೇರಳೆ ತೋಟದವನೂ ದಲ್ಲಾಳಿಯ ಬಾಯಿಗೆ ಬೀಳದೆ ಗೂಡು ಮಾರಬಹುದು. ಹೀಗಿದ್ದೂ ಅವನ ಏಳುಬೀಳು ದೂರದ ತೀರ್ಮಾನಗಳಿಗೆ ಕಟ್ಟುಬಿದ್ದಿದೆ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು 30 ಪ್ರತಿಶತದಿಂದ 5ಕ್ಕೆ ಇಳಿಸಿದಾಗ ಚೀನಾದ ರೇಷ್ಮೆ ಅಗ್ಗವಾಯಿತು, ಇಲ್ಲಿ ಗೂಡಿನ ದರ ಕುಸಿಯಿತು, ರೈತರು ಬೀದಿಗಿಳಿದರು. ಆಗ ರೈತನ ದನಿ ಕೇಳಿಸಿತು, ಏಕೆಂದರೆ ಅವನಿಗೆ ಸಂಘವಿತ್ತು, ಮತವಿತ್ತು, ಮಾರುಕಟ್ಟೆಯೆಂಬ ಸೇರುವ ಜಾಗವಿತ್ತು.

ಬೇಸಿನ್ ಮುಂದೆ ನಿಂತವರಿಗೆ ಇದ್ಯಾವುದೂ ಇಲ್ಲ. ಮಾರುಕಟ್ಟೆಯ ಕಾಯ್ದೆ ಗೂಡಿಗೆ ಬೆಲೆ ಕಟ್ಟುವ ಕ್ರಮವನ್ನು ಹೇಳುತ್ತದೆ, ಕೈಗಳ ಕೂಲಿಯನ್ನಲ್ಲ. ನೂಲು ಬಿಚ್ಚುವುದು, ಹುರಿ ಮಾಡುವುದು ಚಿಕ್ಕ ಚಿಕ್ಕ ಶೆಡ್ಡುಗಳಲ್ಲಿ ಹರಡಿಹೋಗಿರುವ ಕೆಲಸ. ಕಾರ್ಮಿಕ ಕಾನೂನಿನ ಕಣ್ಣು ಅಲ್ಲಿಗೆ ಬೀಳುವುದು ಅಪರೂಪ. ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ಪ್ರಕಟಿಸಿದ ವರದಿ, ಭಾರತದ ರೇಷ್ಮೆ ಉದ್ಯಮದಲ್ಲಿ ಪೋಷಕರು ಪಡೆದ ಮುಂಗಡಕ್ಕೆ ಮಕ್ಕಳು ಜೀತದಂತೆ ದುಡಿಯುತ್ತಿದ್ದುದನ್ನು ಕರ್ನಾಟಕದ ಉದಾಹರಣೆಗಳ ಸಮೇತ ದಾಖಲಿಸಿತು. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದು ಆಗಲೇ ಕಾಲು ಶತಮಾನ ಕಳೆದಿತ್ತು. ಆ ಬಳಿಕ ಕಾನೂನಿನ ಒತ್ತಡ, ಶಾಲೆಗಳ ವಿಸ್ತರಣೆ, ಸ್ವಯಂಚಾಲಿತ ಯಂತ್ರಗಳಿಂದ ಪರಿಸ್ಥಿತಿ ಸುಧಾರಿಸಿದೆ ಎಂಬುದನ್ನು ಒಪ್ಪಬೇಕು. ಆದರೆ ಬೇಸಿನ್ ಕೆಲಸದವಳ ಮಗಳು ಇಂದು ಶಾಲೆಗೆ ಹೋಗುತ್ತಾಳೆ ಎಂಬುದಕ್ಕೂ ಆಕೆ ಪಿಯುಸಿ ಮುಗಿಸಿ ಬೇರೆ ಬದುಕನ್ನು ಆರಿಸಿಕೊಳ್ಳಬಲ್ಲಳು ಎಂಬುದಕ್ಕೂ ನಡುವೆ ಬಹಳ ಅಂತರವಿದೆ. ಸ್ಯಾಮ್ ಆಶರ್, ಪಾಲ್ ನೊವೊಸಾದ್, ಚಾರ್ಲಿ ರಾಫ್ಕಿನ್ ಎಂಬ ಅರ್ಥಶಾಸ್ತ್ರಜ್ಞರು ಭಾರತದಲ್ಲಿ ತಂದೆಯ ಮತ್ತು ಮಕ್ಕಳ ಓದನ್ನು ಹೋಲಿಸಿ ನಡೆಸಿದ ಅಧ್ಯಯನ ಈ ಅಂತರವನ್ನು ತೋರಿಸುತ್ತದೆ. ಉದಾರೀಕರಣದ ನಂತರವೂ ದೇಶದಲ್ಲಿ ಒಟ್ಟಾರೆ ಮೇಲ್ಮುಖ ಚಲನೆ ಹೆಚ್ಚಿಲ್ಲ, ಪರಿಶಿಷ್ಟ ಜಾತಿ ಮತ್ತು ಪಂಗಡಗಳಲ್ಲಿ ಅದು ಏರಿದೆ, ಮುಸ್ಲಿಮರಲ್ಲಿ ಇಳಿದಿದೆ. ರೀಲಿಂಗ್‌ನಲ್ಲೂ ಬೊಂಬೆಯ ಕೆಲಸದಲ್ಲೂ ಮುಸ್ಲಿಂ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿರುವ ರಾಮನಗರ ಮತ್ತು ಚನ್ನಪಟ್ಟಣಕ್ಕೆ ಈ ಫಲಿತಾಂಶ ನೇರವಾಗಿ ತಟ್ಟುತ್ತದೆ. ಮೀಸಲಾತಿ, ಹಾಸ್ಟೆಲು, ಚಳವಳಿ ಮೂರೂ ಸೇರಿದ ಕಡೆ ಏಣಿ ನಿಂತಿದೆ; ಅವು ತೆಳುವಾಗಿರುವ ಕಡೆ ಎಷ್ಟು ಕೆಲಸ ಮಾಡಿದರೂ ಮಕ್ಕಳು ತಂದೆಯ ಮಟ್ಟದಲ್ಲೇ ಉಳಿದಿದ್ದಾರೆ.

ದುಡಿಮೆಯ ಜೊತೆ ಕೌಶಲ್ಯವೂ ಕೀರ್ತಿಯೂ ಸೇರಿದರೆ ಸಾಕೇ ಎಂಬ ಪ್ರಶ್ನೆಗೆ ಚನ್ನಪಟ್ಟಣದಲ್ಲಿ ಉತ್ತರವಿದೆ. ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಹಿಡಿಸಿ ಮಾಡುವ ಇಲ್ಲಿನ ಬೊಂಬೆಗಳಿಗೆ ಟಿಪ್ಪುವಿನ ಕಾಲದ ಪರಂಪರೆಯಿದೆ ಎಂದು ನಂಬಿಕೆ. ಜಪಾನಿನ ತಂತ್ರವನ್ನು ತಂದು ಈ ಕಸುಬನ್ನು ಬೆಳೆಸಿದ ಗೌರವ ಬಾವಾಸ್ ಮಿಯಾನ್ ಅವರಿಗೆ ಸಲ್ಲುತ್ತದೆ. ಭೌಗೋಳಿಕ ಗುರುತಿನ ಮಾನ್ಯತೆ ಮೊದಲ ಸಾಲಿನಲ್ಲೇ ಸಿಕ್ಕ ಭಾರತೀಯ ಕರಕುಶಲ ವಸ್ತುಗಳಲ್ಲಿ ಇದೂ ಒಂದು. ಪ್ರಧಾನಿಯವರ 2020ರ ಮನದ ಮಾತಿನಲ್ಲೂ ಇದರ ಹೆಸರು ಬಂತು. ಇಷ್ಟು ಕೀರ್ತಿಯಿದ್ದೂ ಲೇಥ್ ಮುಂದೆ ಕೂರುವ ಕುಶಲಕರ್ಮಿಯ ಮಗ ತಂದೆಯ ಕಸುಬು ಬಿಟ್ಟು ಕಾರ್ಖಾನೆಗೋ ಚಾಲಕನ ಕೆಲಸಕ್ಕೋ ಹೊರಡುತ್ತಾನೆ. ಮಾನ್ಯತೆ ಬೊಂಬೆಗೆ ಸಿಕ್ಕಿತು, ಬೊಂಬೆ ಮಾಡುವವನಿಗೆ ಸಿಗಲಿಲ್ಲ. ಮರದ ಪೂರೈಕೆ, ವಿನ್ಯಾಸ, ದೊಡ್ಡ ಊರಿನ ಖರೀದಿದಾರರ ಪರಿಚಯ ಯಾರ ಕೈಯಲ್ಲಿದೆಯೋ ಲಾಭವೂ ಅಲ್ಲೇ ನಿಲ್ಲುತ್ತದೆ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿ ಊರನ್ನು ಬಳಸಿಕೊಂಡು ಹೋದಾಗ ಹಳೆಯ ರಸ್ತೆ ಬದಿಯ ಬೊಂಬೆ ಅಂಗಡಿಗಳ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಮಕ್ಕಳು ಕಸುಬು ಬಿಟ್ಟರೆ ಪರಂಪರೆ ಅಳಿಯುತ್ತದೆ, ಅವರನ್ನು ಅಲ್ಲೇ ಉಳಿಸಿಕೊಳ್ಳಬೇಕು ಎಂದು ಕಲಾಪ್ರೇಮಿಗಳು ಹೇಳುತ್ತಾರೆ. ಅವರ ಆತಂಕ ನಿಜ. ಆದರೆ ಬೇರೆ ದಾರಿಯಿಲ್ಲದ್ದಕ್ಕೆ ಉಳಿದವನನ್ನು ಪರಂಪರೆಯ ಕಾವಲುಗಾರ ಎಂದು ಹೊಗಳುವುದು ಅನ್ಯಾಯ. ಓದಿದ ಮಗ ಅಥವಾ ಮಗಳು ಎರಡು ದಾರಿಯನ್ನೂ ನೋಡಿ, ಲಾಭವಿದೆ ಎಂದು ಕಂಡು, ಲೇಥ್‌ಗೆ ಮರಳುವಂತಾದರೆ ಕಸುಬೂ ಉಳಿಯುತ್ತದೆ, ಮನುಷ್ಯನ ಘನತೆಯೂ ಉಳಿಯುತ್ತದೆ.

ಇನ್ನೊಂದು ಆಕ್ಷೇಪ ಇಂದು ಈ ಸೀಮೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಕೇಳುವಂಥದ್ದು. ಬೆಂಗಳೂರು ಬೆಳೆದು ಬಂದು ಬಿಡದಿ, ಹಾರೋಹಳ್ಳಿಗಳನ್ನು ಮುಟ್ಟಿದೆ. ನೆಲದ ಬೆಲೆ ಕೋಟಿಗಳಿಗೆ ಏರಿದೆ. ನಿನ್ನೆಯ ರಾಗಿ ಹೊಲದವನು ಇಂದು ಕಾರಿನಲ್ಲಿ ಓಡಾಡುತ್ತಾನೆ. ಇದು ಮೇಲೇರುವುದಲ್ಲದೆ ಮತ್ತೇನು? 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ತೀರ್ಮಾನಿಸಿದಾಗಲೂ ಹೂಡಿಕೆ ಬರುತ್ತದೆ, ಭೂಮಿಯ ಮೌಲ್ಯ ಹೆಚ್ಚುತ್ತದೆ ಎಂಬುದೇ ಸಮರ್ಥಕರ ಮುಖ್ಯ ಮಾತಾಗಿತ್ತು. ಹಣ ಬಂದದ್ದು ಸುಳ್ಳಲ್ಲ, ಅದರಿಂದ ಒಳ್ಳೆಯ ಮನೆ ಕಟ್ಟಿ ಮಕ್ಕಳನ್ನು ಓದಿಸಿದವರೂ ಇದ್ದಾರೆ. ಆದರೆ ನೆಲದ ಬೆಲೆಯಿಂದ ಏರುವುದು ನೆಲವಿದ್ದವರು ಮಾತ್ರ. ಇದ್ದ ಶ್ರೇಣಿಯನ್ನು ಅದು ಅಲುಗಿಸುವುದಿಲ್ಲ, ಇನ್ನಷ್ಟು ಕಡಿದು ಮಾಡುತ್ತದೆ. ಹೊಲ ಮಾರಿದ ದಿನ ಒಡೆಯನಿಗೆ ಕೋಟಿ ಬರುತ್ತದೆ, ಆ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ ಕೂಲಿ ಹೋಗುತ್ತದೆ. ಉಳುವವನೇ ಒಡೆಯ ಎಂದು 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆ ಕರಾವಳಿ, ಮಲೆನಾಡುಗಳಲ್ಲಿ ಗೇಣಿದಾರರನ್ನು ಮೇಲೆತ್ತಿದಷ್ಟು ಹಳೆ ಮೈಸೂರಿನ ಬಯಲಲ್ಲಿ ಮಾಡಲಿಲ್ಲ, ಏಕೆಂದರೆ ಇಲ್ಲಿ ಗೇಣಿ ಕಡಿಮೆ. ಗೇಣಿಯೂ ಇಲ್ಲದೆ ಬರಿಯ ಕೂಲಿಯಲ್ಲಿದ್ದ ದಲಿತರಿಗೆ ಅದರಿಂದ ದಕ್ಕಿದ್ದು ಅತ್ಯಲ್ಪ. ಅವರಿಗೆ ಸರ್ಕಾರ ಮಂಜೂರು ಮಾಡಿದ ತುಂಡು ಭೂಮಿಯನ್ನು ಉಳಿಸಲೆಂದು 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ತಡವಾಗಿ ಬಂದ ಅರ್ಜಿಗಳನ್ನು ಒಪ್ಪಲಾಗದು ಎಂಬ ಸುಪ್ರೀಂ ಕೋರ್ಟಿನ 2017ರ ತೀರ್ಪಿನ ನಂತರ ಅನೇಕ ಪ್ರಕರಣಗಳು ಬಿದ್ದುಹೋದವು; ಕಾಲಮಿತಿಯ ಅಡ್ಡಿ ತೆಗೆಯುವ ತಿದ್ದುಪಡಿಗೆ 2023ರವರೆಗೆ ಹೋರಾಡಬೇಕಾಯಿತು. ಈ ನಡುವೆ 2020ರಲ್ಲಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಇದ್ದ ನಿರ್ಬಂಧಗಳನ್ನು ರಾಜ್ಯ ಸರ್ಕಾರ ಕಿತ್ತುಹಾಕಿತು. ಬೆಂಗಳೂರಿನ ಹತ್ತಿರದ ಹಳ್ಳಿಗೆ ಈ ಎರಡು ತಿದ್ದುಪಡಿಗಳ ನಡುವಿನ ಮೂರು ವರ್ಷ ಬಹಳ ದೀರ್ಘ ಕಾಲ.

ದಿಢೀರ್ ಹಣ ಮನುಷ್ಯನಿಗೆ ಏನು ಮಾಡುತ್ತದೆ ಎಂಬುದನ್ನು ನಮ್ಮ ಸಾಹಿತ್ಯ ಗಮನಿಸಿದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ಬೆಂಗಳೂರಿನ ಕೆಳಮಧ್ಯಮ ವರ್ಗದ ಒಂದು ಕುಟುಂಬ ಮಸಾಲೆ ವ್ಯಾಪಾರದಿಂದ ಬೇಗನೆ ಸಿರಿವಂತವಾಗುತ್ತದೆ. ಮನೆ ದೊಡ್ಡದಾದಂತೆ ಮನೆಯವರ ನಡುವಿನ ನೈತಿಕ ಹೊಣೆ ಕರಗುತ್ತ ಹೋಗುತ್ತದೆ, ಹೊರಗಿನಿಂದ ಬಂದವರ ಪಾಲಿಗೆ ಆ ಮನೆ ಕ್ರೂರವಾಗುತ್ತದೆ. ಆ ಕುಟುಂಬ ಮೇಲೇರಿತು, ಆದರೆ ಅದರ ಏರಿಕೆಯಿಂದ ಬೇರೆ ಯಾರಿಗೂ ದಾರಿ ತೆರೆಯಲಿಲ್ಲ. ‘ಊರುಕೇರಿ’ಯನ್ನೂ ಇದನ್ನೂ ಒಟ್ಟಿಗೆ ಓದಿದವರಿಗೆ ಎರಡು ಬಗೆಯ ಏರಿಕೆಗಳ ವ್ಯತ್ಯಾಸ ಎದ್ದು ಕಾಣುತ್ತದೆ. ಒಂದು ಹಿಂದೆ ಬರುವವರಿಗೆ ಮೆಟ್ಟಿಲು ಬಿಟ್ಟುಹೋಗುತ್ತದೆ, ಇನ್ನೊಂದು ಏರಿದ ಮೇಲೆ ಏಣಿಯನ್ನು ಎಳೆದುಕೊಳ್ಳುತ್ತದೆ. ನೆಲ ಮಾರಿ ಬಂದ ಹಣ ಮೊದಲನೆಯ ಬಗೆಯದಾಗಬೇಕಾದರೆ ಅದರ ಒಂದು ಪಾಲು ಊರಿನ ಶಾಲೆಗೆ, ಆಸ್ಪತ್ರೆಗೆ, ಭೂಹೀನರ ನಿವೇಶನಕ್ಕೆ ತಿರುಗಬೇಕು. ಬಿಡದಿಯ ಸುತ್ತ ಉಪನಗರದ ಹೆಸರಿನಲ್ಲಿ ಭೂಸ್ವಾಧೀನದ ಮಾತು ನಡೆಯುವಾಗಲೆಲ್ಲ ಪರಿಹಾರದ ಚರ್ಚೆ ಎಕರೆಗೆ ಎಷ್ಟು ಎಂಬಲ್ಲಿಗೇ ನಿಂತುಬಿಡುತ್ತದೆ. ಎಕರೆಯೇ ಇಲ್ಲದವರಿಗೆ ಎಷ್ಟು ಎಂಬ ಪ್ರಶ್ನೆ ಪಟ್ಟಿಯಲ್ಲೇ ಇರುವುದಿಲ್ಲ.

ಕಾರ್ಖಾನೆಗಳು ಈ ಕೊರತೆಯನ್ನು ತುಂಬಬಲ್ಲವು ಎಂಬ ನಿರೀಕ್ಷೆ ಪೂರ್ತಿ ತಪ್ಪಲ್ಲ. ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ 1999ರ ಕೊನೆಯಲ್ಲಿ ಉತ್ಪಾದನೆ ಆರಂಭಿಸಿತು. 2007ರಲ್ಲಿ ಅದು ತೆರೆದ ತಾಂತ್ರಿಕ ತರಬೇತಿ ಸಂಸ್ಥೆ ಹತ್ತನೆಯ ತರಗತಿ ಮುಗಿಸಿದ ಹಳ್ಳಿಯ ಬಡ ಮಕ್ಕಳನ್ನು ಆರಿಸಿ, ವಸತಿ ಕೊಟ್ಟು ತಯಾರು ಮಾಡುತ್ತದೆ. ಇದು ಒಳ್ಳೆಯ ಮಾದರಿ, ಮತ್ತು ಇದರ ಗುಟ್ಟು ಕೂಡ ಹಳೆಯದೇ: ಊಟ, ವಸತಿ, ಕಲಿಕೆ ಒಂದೇ ಕಡೆ. ಆದರೆ ಅಲ್ಲಿ ಸೀಟುಗಳು ಕೆಲವೇ. ಕಾಯಂ ನೌಕರಿ ಸಿಕ್ಕವನ ಮನೆ ಒಂದೇ ದಶಕದಲ್ಲಿ ಬದಲಾಗುತ್ತದೆ. ಅದೇ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆಯ ಮೇಲೆ ದುಡಿಯುವವನು ವರ್ಷಗಳ ನಂತರವೂ ಮೊದಲ ದಿನದ ಭದ್ರತೆಯಿಲ್ಲದ ಸ್ಥಿತಿಯಲ್ಲೇ ಇರುತ್ತಾನೆ. ಕಾರ್ಖಾನೆ ಬಂತೆಂದರೆ ಸಾಲದು. ಅದು ಯಾವ ಬಗೆಯ ಕೆಲಸ ಕೊಡುತ್ತದೆ ಎಂಬುದೇ ಏಣಿಯ ಗಟ್ಟಿತನವನ್ನು ತೀರ್ಮಾನಿಸುತ್ತದೆ.

ಕೊನೆಯ ಆಕ್ಷೇಪ ನಮ್ಮ ವಾದದ ಬುಡಕ್ಕೇ ಬರುವಂಥದ್ದು. ಹಾಸ್ಟೆಲು, ಮೀಸಲಾತಿಗಳಿಂದ ಮೇಲೆ ಬಂದವರೇ ಕೆಳಗಿನವರನ್ನು ಮರೆಯುತ್ತಾರೆ, ಒಳಗೊಳಗೇ ಹೊಸ ಮೇಲ್ವರ್ಗ ಹುಟ್ಟುತ್ತದೆ, ಹಾಗಿದ್ದರೆ ಈ ಏರ್ಪಾಡುಗಳಿಂದ ಏನು ಫಲ ಎಂದು ಕೇಳುವವರಿದ್ದಾರೆ. ಮರೆಯುವವರು ಇದ್ದಾರೆ, ನಿಜ. ದಲಿತ ಚಿಂತಕರೇ ಈ ಟೀಕೆಯನ್ನು ಎಲ್ಲರಿಗಿಂತ ಮೊದಲು ಮಾಡಿದರು. ಆದರೆ ಮೇಲೆ ಬಂದವರೆಲ್ಲ ಸಮಾಜಸೇವಕರಾಗಬೇಕು ಎಂಬ ಷರತ್ತನ್ನು ನಾವು ಬಡವರ ಮಕ್ಕಳಿಗೆ ಮಾತ್ರ ಹಾಕುತ್ತೇವೆ, ಉಳ್ಳವರ ಮಕ್ಕಳಿಗೆ ಹಾಕುವುದಿಲ್ಲ. ಏರಿದವರ ಒಳ್ಳೆಯತನದ ಮೇಲೆ ಭಾರ ಹಾಕುವುದೇ ತಪ್ಪು ದಾರಿ. ಅವರು ನೆನಪಿಟ್ಟರೂ ಮರೆತರೂ ಮುಂದಿನ ಮಗುವಿಗೆ ಹಾಸ್ಟೆಲಿನ ಬಾಗಿಲು ತೆರೆದ ಹಾಗೇ ಇರಬೇಕು. ಈ ಸೀಮೆಯ ರಾಜಕೀಯ ಇತಿಹಾಸ ಹೇಳುವುದೂ ಅದನ್ನೇ. ನಮ್ಮವರು ಮುಖ್ಯಮಂತ್ರಿಯಾದರು, ಪ್ರಧಾನಿಯಾದರು, 2023ರಲ್ಲಿ ಕನಕಪುರದ ಶಾಸಕರು ಉಪಮುಖ್ಯಮಂತ್ರಿಯಾದರು ಎಂಬ ಹೆಮ್ಮೆ ಸಹಜವಾದದ್ದು. ಆ ಹೆಮ್ಮೆಯಲ್ಲಿ ಬೇಸಿನ್ ಕೆಲಸದವರ ಮಕ್ಕಳಿಗೂ ಪಾಲಿದೆ. ಆದರೆ ನಾಯಕರ ಏರಿಕೆಯಿಂದ ಅವರ ಕೂಲಿ ಏರಲಿಲ್ಲ. ಪ್ರಾತಿನಿಧ್ಯ ಬೇಕು, ಅದು ಏಣಿ ಕಟ್ಟಿಸುವ ಅಧಿಕಾರ ಕೊಡುತ್ತದೆ, ಪ್ರಾತಿನಿಧ್ಯವೇ ಏಣಿಯಲ್ಲ.

ಜಗತ್ತಿನ ಲೆಕ್ಕದಲ್ಲೂ ನಮ್ಮ ಸ್ಥಿತಿ ಹೆಮ್ಮೆ ಪಡುವಂತಿಲ್ಲ. ಕಡಿಮೆ ಆದಾಯದ ಕುಟುಂಬವೊಂದು ಸರಾಸರಿ ಆದಾಯ ಮುಟ್ಟಲು ಡೆನ್ಮಾರ್ಕ್‌ನಲ್ಲಿ ಎರಡು ತಲೆಮಾರು ಬೇಕಾದರೆ ಭಾರತದಲ್ಲಿ ಏಳು ಬೇಕು ಎಂದು ಒಇಸಿಡಿ 2018ರಲ್ಲಿ ಅಂದಾಜು ಮಾಡಿತು. 2020ರ ವಿಶ್ವ ಆರ್ಥಿಕ ವೇದಿಕೆಯ ಸಾಮಾಜಿಕ ಚಲನೆಯ ಸೂಚ್ಯಂಕದಲ್ಲಿ 82 ದೇಶಗಳ ಪೈಕಿ ಭಾರತ 76ನೆಯ ಸ್ಥಾನದಲ್ಲಿತ್ತು. ಈ ಅಂತರಕ್ಕೆ ಕಾರಣ ನಮ್ಮ ಜನರ ಸೋಮಾರಿತನವಲ್ಲ. ಡೆನ್ಮಾರ್ಕಿನ ಕೂಲಿಯವನ ಮಗುವಿಗೆ ಸಿಗುವ ಶಾಲೆ, ಆಸ್ಪತ್ರೆ, ಶಿಶುಪಾಲನೆ ಅಲ್ಲಿನ ಶ್ರೀಮಂತನ ಮಗುವಿಗೆ ಸಿಗುವುದಕ್ಕಿಂತ ಬಹಳ ಕೆಳಗಿಲ್ಲ. ಇಲ್ಲಿ ಮಗುವಿನ ಶಾಲೆಯೇ ತಂದೆಯ ಜೇಬನ್ನು ಹೇಳುತ್ತದೆ. ಖಾಸಗಿ ಶಾಲೆಗಳ ಕಾಲು ಭಾಗ ಸೀಟುಗಳನ್ನು ಬಡ ಮಕ್ಕಳಿಗೆ ಕೊಡಬೇಕೆಂಬ ಶಿಕ್ಷಣ ಹಕ್ಕು ಕಾಯ್ದೆಯ ಅವಕಾಶವನ್ನು ಕರ್ನಾಟಕ 2019ರಿಂದ, ಹತ್ತಿರದಲ್ಲಿ ಸರ್ಕಾರಿ ಶಾಲೆಯಿಲ್ಲದ ಕಡೆಗೆ ಮಾತ್ರ ಸೀಮಿತಗೊಳಿಸಿತು. ಸರ್ಕಾರಿ ಶಾಲೆಗಳನ್ನು ಉಳಿಸಲು ಈ ಕ್ರಮ ಎಂಬ ಸಮರ್ಥನೆಯನ್ನು ಒಪ್ಪಬಹುದು, ಆದರೆ ಉಳಿಸಿದ ಹಣ ಮತ್ತು ಗಮನ ಆ ಶಾಲೆಗಳಿಗೆ ಕಾಣುವಂತೆ ಹರಿದರೆ ಮಾತ್ರ.

ಹಾಗಾದರೆ ಮಾಡಬೇಕಾದದ್ದು ಏನು? ಮೊದಲು ಸರಿಯಾದ ಲೆಕ್ಕ ಇಡುವುದನ್ನು ಕಲಿಯಬೇಕು. ಪ್ರತಿ ವರ್ಷ ಜಿಲ್ಲಾಡಳಿತ ಸಾಧಕರನ್ನು ಸನ್ಮಾನಿಸುತ್ತದೆ. ಅದರ ಜೊತೆಗೆ ಇನ್ನೊಂದು ಪಟ್ಟಿಯನ್ನೂ ಪ್ರಕಟಿಸಲಿ. ವಿದ್ಯಾರ್ಥಿ ನಿಲಯಗಳಿಗೆ ಅರ್ಜಿ ಹಾಕಿದವರು ಎಷ್ಟು, ಸೀಟು ಸಿಕ್ಕಿದವರು ಎಷ್ಟು, ಸಿಗದವರು ಆ ವರ್ಷ ಏನು ಮಾಡಿದರು? ರೇಷ್ಮೆ ಬಿಚ್ಚುವವರ, ಬೊಂಬೆ ಕಡೆಯುವವರ, ಕಲ್ಲು ಒಡೆಯುವವರ ಮಕ್ಕಳಲ್ಲಿ ಪಿಯುಸಿ ಮುಗಿಸಿದವರು ಎಷ್ಟು? ಪಿಟಿಸಿಎಲ್ ಅಡಿ ಭೂಮಿ ಮರಳಿ ಪಡೆದ ಕುಟುಂಬಗಳು ಎಷ್ಟು? ಕೈಗಾರಿಕಾ ಪ್ರದೇಶಗಳಲ್ಲಿ ಕಾಯಂ ಆದ ಸ್ಥಳೀಯರು ಎಷ್ಟು? ಎರಡನೆಯದಾಗಿ, ಗೂಡಿನ ಹರಾಜಿಗೆ ಇರುವ ಶಿಸ್ತು ನೂಲು ಬಿಚ್ಚುವವರ ಕೂಲಿಗೂ ಬರಬೇಕು. ರೀಲಿಂಗ್ ಘಟಕಗಳಿಗೆ ಕೊಡುವ ಸಹಾಯಧನವನ್ನು ಕನಿಷ್ಠ ವೇತನ, ವಿಮೆಗಳ ಪಾಲನೆಗೆ ಗಂಟು ಹಾಕಿದರೆ ಇದು ಸಾಧ್ಯ. ಸಣ್ಣ ರೀಲರ್‌ಗೆ ಇದು ಹೊರೆಯಾಗದಂತೆ ಬೆಂಬಲವೂ ಬೇಕು, ಏಕೆಂದರೆ ಅವನೂ ದೊಡ್ಡ ಬಂಡವಾಳದ ಮುಂದೆ ಚಿಕ್ಕವನೇ. ಮೂರನೆಯದಾಗಿ, ವಸತಿ ಶಾಲೆ ಮತ್ತು ಹಾಸ್ಟೆಲುಗಳಲ್ಲಿ ಅಲ್ಪಸಂಖ್ಯಾತ ಹೆಣ್ಣುಮಕ್ಕಳಿಗೆ, ವಲಸೆ ಕಾರ್ಮಿಕರ ಮಕ್ಕಳಿಗೆ ಸ್ಥಳ ಹೆಚ್ಚಬೇಕು. ಈವರೆಗಿನ ಏಣಿ ಮುಟ್ಟದೇ ಬಿಟ್ಟವರು ಅವರೇ.

ಮಂಚನಬೆಲೆಯಿಂದ ಇನ್ನೊಬ್ಬ ಕವಿ ಹುಟ್ಟಲಿ ಎಂದು ಹಾರೈಸುವುದು ಸುಲಭ. ಕವಿ ಹುಟ್ಟುವುದನ್ನು ಯಾವ ಸರ್ಕಾರವೂ ಯೋಜನೆ ಹಾಕಿ ಮಾಡಿಸಲಾಗದು. ಆದರೆ ಅಲ್ಲಿನ ಸಾಧಾರಣ ಬುದ್ಧಿಯ, ಸಾಧಾರಣ ಛಲದ, ಯಾವ ಪತ್ರಿಕೆಯ ಮುಖಪುಟಕ್ಕೂ ಬರದ ಮಗುವೊಂದು ತಂದೆತಾಯಿಗಿಂತ ಒಂದು ಮೆಟ್ಟಿಲು ಮೇಲೆ ನಿಲ್ಲುವಂತೆ ಮಾಡುವುದು ಯೋಜನೆಯಿಂದಲೇ ಸಾಧ್ಯ, ಮತ್ತು ಅದು ಹಿಂದೆ ಸಾಧ್ಯವಾಗಿದೆ ಎಂಬುದಕ್ಕೆ ಈ ನಾಲ್ಕು ತಾಲ್ಲೂಕುಗಳೇ ಸಾಕ್ಷಿ. ಅಸಾಮಾನ್ಯರಾಗದೆ ಇಲ್ಲಿ ಬಡತನದಿಂದ ಹೊರಬರಲಾಗದು ಎಂಬ ಸ್ಥಿತಿ ಎಷ್ಟು ದಿನ ಇರುತ್ತದೆಯೋ ಅಷ್ಟು ದಿನ ಸಾಧಕರ ಕಥೆಗಳು ನಮ್ಮ ಸಮಾಜದ ಯಶಸ್ಸನ್ನಲ್ಲ, ಅದರ ಬಾಕಿಯನ್ನು ತೋರಿಸುತ್ತಿರುತ್ತವೆ. ಆ ಬಾಕಿ ತೀರಿಸುವ ಹೊಣೆ ಏರಿದವರದ್ದು ಮಾತ್ರವಲ್ಲ, ಅವರಿಗೆ ಚಪ್ಪಾಳೆ ತಟ್ಟಿದ ನಮ್ಮೆಲ್ಲರದ್ದು.